ಮುಖ ಕಾಣದ ಸಂದರ್ಶನ: ಈಸ್ಟ್ ಹ್ಯಾಮ್‌ನಿಂದ ಒಂದು ಸಮೀಕ್ಷೆ

ಲಂಡನ್ನಿನ ಪೂರ್ವಕ್ಕಿರುವ ಈಸ್ಟ್ ಹ್ಯಾಮ್‌ಗೆ ಬಂದಿಳಿದ ಕನ್ನಡಿಗರಿಗೆ ಮೊದಮೊದಲು ಪರದೇಶಕ್ಕೆ ಬಂದ ಹಾಗೆ ಅನ್ನಿಸುವುದಿಲ್ಲ. ಡಿಸ್ಟ್ರಿಕ್ಟ್ ಲೈನ್ ಸ್ಟೇಷನ್ನಿನಿಂದ ಹೊರಬಿದ್ದರೆ ಹೈ ಸ್ಟ್ರೀಟ್ ನಾರ್ತ್. ಅಲ್ಲಿ ದೋಸೆ ಹೋಟೆಲುಗಳಿವೆ, ಅಕ್ಕಿ ಮೂಟೆ ಜೋಡಿಸಿಟ್ಟ ದಿನಸಿ ಅಂಗಡಿಗಳಿವೆ, ಮಹಾಲಕ್ಷ್ಮಿಯ ಗುಡಿಯಿದೆ. ತಮಿಳು, ಮಲಯಾಳ, ತೆಲುಗು, ಬಂಗಾಳಿ ಒಂದೇ ಫುಟ್‌ಪಾತಿನಲ್ಲಿ ಕಿವಿಗೆ ಬೀಳುತ್ತವೆ. ಕೋಣೆ ಹುಡುಕಲು, ಸಿಮ್ ಕೊಳ್ಳಲು, ಸೊಪ್ಪು ತರಕಾರಿ ತರಲು ಇಂಗ್ಲಿಷ್ ಹೆಚ್ಚು ಬೇಕಾಗುವುದೂ ಇಲ್ಲ. ಈಸ್ಟ್ ಹ್ಯಾಮ್ ಸೇರಿರುವ ನ್ಯೂಹ್ಯಾಮ್ ಆಡಳಿತ ಪ್ರದೇಶದಲ್ಲಿ 2021ರ ಜನಗಣತಿಯ ಪ್ರಕಾರ ಸುಮಾರು 3.51 ಲಕ್ಷ ಜನರಿದ್ದು, ಅರ್ಧಕ್ಕಿಂತ ಹೆಚ್ಚು ಮಂದಿ ಬ್ರಿಟನ್ನಿನ ಹೊರಗೆ ಹುಟ್ಟಿದವರು.

ಕಷ್ಟ ಶುರುವಾಗುವುದು ಕೆಲಸ ಹುಡುಕಲು ಹೊರಟಾಗ. ಅರ್ಜಿ ಹೋಗುವುದು ಆನ್‌ಲೈನಿನಲ್ಲಿ, ಅದಕ್ಕೆ ಬರುವ ಮೊದಲ ಮನುಷ್ಯ ದನಿ ಫೋನಿನಲ್ಲಿ. ಊರಿನಲ್ಲಿ ಇಂಗ್ಲಿಷಿನಲ್ಲೇ ಓದಿ ಮೊದಲ ದರ್ಜೆ ಪಡೆದವರು, ಬೆಂಗಳೂರಿನಲ್ಲಿ ನಾಲ್ಕಾರು ವರ್ಷ ದುಡಿದವರು ಕೂಡ ಈ ಕರೆಯ ಎದುರು ತಡವರಿಸುತ್ತಾರೆ. ಗುರುತಿಲ್ಲದ ನಂಬರು ಕಂಡರೆ ಎತ್ತಲು ಹೆದರುತ್ತಾರೆ. ಎತ್ತಿದರೆ ಎರಡು ವಾಕ್ಯದಲ್ಲಿ ಮುಗಿಸಿಬಿಡುತ್ತಾರೆ, ಇಲ್ಲವೇ ಉಸಿರು ಬಿಡದೆ ಹೇಳುತ್ತಲೇ ಹೋಗುತ್ತಾರೆ. ಆಮೇಲೆ "ನನ್ನ ಇಂಗ್ಲಿಷ್ ಸಾಲದು" ಎಂದು ತಮ್ಮನ್ನೇ ಹಳಿದುಕೊಳ್ಳುತ್ತಾರೆ.

ಈ ತೀರ್ಪು ಬಹಳಮಟ್ಟಿಗೆ ತಪ್ಪು ಎನ್ನುವುದೇ ಈ ಲೇಖನದ ವಾದ. ಸೋಲಿಸುವುದು ಭಾಷೆಗಿಂತ ಹೆಚ್ಚಾಗಿ ಆ ಮಾತುಕತೆಯ ಹೇಳದ ಕಟ್ಟಳೆಗಳು. ಅವನ್ನು ಕಲಿಯಬಹುದು, ಕಲಿಸಬಹುದು. ಧೈರ್ಯ ಮೊದಲು ಬಂದು ಮಾತು ಆಮೇಲೆ ಬರಲಿ ಎಂದು ಕಾದು ಕೂತರೆ ಎರಡೂ ಬರುವುದಿಲ್ಲ. ಇನ್ನೊಬ್ಬರ ಕಿವಿಗೆ ಕೇಳುವಂತೆ ಆಡಿ ಆಡಿಯೇ ಧೈರ್ಯ ಬರಬೇಕು.

ಗಡಿಯಾರ ಓಡುತ್ತಿರುತ್ತದೆ

ಈ ಕರೆಗೆ ಇಷ್ಟು ತೂಕ ಬರಲು ವೀಸಾ ಮುಖ್ಯ ಕಾರಣ. ಪದವಿ ಓದುವ ವಿದ್ಯಾರ್ಥಿಗಳು ತರಗತಿ ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು. ಓದು ಮುಗಿದ ಮೇಲೆ ಇರಲು ಅವಕಾಶ ಕೊಡುವ ಗ್ರಾಜುಯೇಟ್ ರೂಟ್ 2021ರ ಜುಲೈ 1ರಂದು ಜಾರಿಗೆ ಬಂತು. ಪಿಎಚ್.ಡಿ. ಮಾಡಿದವರನ್ನು ಬಿಟ್ಟು ಉಳಿದವರಿಗೆ ಅದರ ಅವಧಿ ಎರಡು ವರ್ಷ. 2027ರ ಜನವರಿ 1ರಿಂದ ಅರ್ಜಿ ಹಾಕುವ ಅಂಥವರಿಗೆ ಅದು 18 ತಿಂಗಳಿಗೆ ಇಳಿಯಲಿದೆ. ಆಮೇಲೂ ಉಳಿಯಬೇಕೆಂದರೆ ಸಾಮಾನ್ಯವಾಗಿ ಸ್ಕಿಲ್ಡ್ ವರ್ಕರ್ ವೀಸಾ ಬೇಕು. ಅದರ ಸಾಮಾನ್ಯ ಸಂಬಳದ ಮಿತಿಯನ್ನು 2024ರ ಏಪ್ರಿಲ್‌ನಲ್ಲಿ 38,700 ಪೌಂಡಿಗೆ, 2025ರ ಜುಲೈ 22ರಿಂದ 41,700 ಪೌಂಡಿಗೆ ಏರಿಸಿದರು. ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ಕಡಿಮೆ ಮಿತಿಯಿದ್ದರೂ ಅದೂ 33,400 ಪೌಂಡ್. ಅದೇ ದಿನದಿಂದ ಆರೈಕೆ ಕೆಲಸಗಾರರನ್ನು ಹೊರದೇಶದಿಂದ ಹೊಸದಾಗಿ ಕರೆತರುವುದೂ ನಿಂತಿತು.

ಊರಿನಲ್ಲಿ ಸಾಲ ತೆಗೆದು, ಹೊಲ ಅಡವಿಟ್ಟು ಮಕ್ಕಳನ್ನು ಕಳಿಸಿದ ಮನೆಗಳಿಗೆ ಈ ತಿಂಗಳುಗಳ ಲೆಕ್ಕ ಚೆನ್ನಾಗಿ ಗೊತ್ತು. ಹದಿನೈದು ನಿಮಿಷದ ಕರೆಯ ಹಿಂದೆ ಇಷ್ಟೆಲ್ಲ ನಿಂತಿರುವಾಗ ನಾಲಿಗೆ ಒಣಗಿದರೆ ಅದನ್ನು ಪುಕ್ಕಲುತನ ಅನ್ನಲಾಗದು.

ಕರೆಯಲ್ಲಿ ನಡೆಯುವುದೇನು

ಫೋನ್ ಸಂದರ್ಶನಗಳೆಲ್ಲ ಒಂದೇ ಬಗೆಯವಲ್ಲ. ಮೊದಲನೆಯದು ನೇಮಕಾತಿ ಏಜೆನ್ಸಿಯವರ ಕರೆ. ಬಹಳ ಸಲ ಮುನ್ಸೂಚನೆಯಿಲ್ಲದೆ ಬರುತ್ತದೆ. ಎಲ್ಲಿದ್ದೀರಿ, ಕೆಲಸ ಮಾಡುವ ಹಕ್ಕಿದೆಯೇ, ವೀಸಾ ಯಾವಾಗಿನವರೆಗೆ, ಯಾವತ್ತಿನಿಂದ ಸೇರಬಹುದು, ಸಂಬಳ ಎಷ್ಟು ನಿರೀಕ್ಷೆ ಎಂದು ಕೇಳುತ್ತಾರೆ. ಇವಕ್ಕೆ ಉತ್ತರ ಮೊದಲೇ ಬರೆದಿಟ್ಟುಕೊಳ್ಳಬಹುದು, ಬರೆದಿಟ್ಟುಕೊಳ್ಳಬೇಕು. ಸಂಬಳವನ್ನು ವರ್ಷದ ಪೌಂಡಿನಲ್ಲಿ ಹೇಳಬೇಕು, ಲಕ್ಷದ ಲೆಕ್ಕ ಅವರಿಗೆ ತಿಳಿಯುವುದಿಲ್ಲ.

ಎರಡನೆಯದು ಕಂಪನಿಯ ಎಚ್.ಆರ್. ವಿಭಾಗ ಸಮಯ ಗೊತ್ತುಮಾಡಿ ನಡೆಸುವ ಸ್ಕ್ರೀನಿಂಗ್. ಮೂರನೆಯದು ಅಂಕ ಕೊಡುವ ಪೂರ್ಣ ಸಂದರ್ಶನ. ಅದರಲ್ಲಿ ಎಲ್ಲ ಅಭ್ಯರ್ಥಿಗಳಿಗೂ ಅವವೇ ಪ್ರಶ್ನೆ, ಅದೇ ಕ್ರಮ, ಪ್ರತಿ ಉತ್ತರಕ್ಕೂ ಅಂಕದ ಪಟ್ಟಿ. ಇದು ಮೊಂಡಾಗಿ ಕಂಡರೂ ಕಾರಣವಿದೆ. ಹೀಗೆ ಚೌಕಟ್ಟು ಹಾಕಿ ನಡೆಸಿದ ಸಂದರ್ಶನ ಬಾಯಿಗೆ ಬಂದದ್ದು ಕೇಳುವ ಸಂದರ್ಶನಕ್ಕಿಂತ ಮುಂದಿನ ಕೆಲಸದ ಗುಣಮಟ್ಟವನ್ನು ಚೆನ್ನಾಗಿ ಊಹಿಸುತ್ತದೆ ಎಂದು 1998ರಲ್ಲಿ ಶ್ಮಿಟ್ ಮತ್ತು ಹಂಟರ್, 2022ರಲ್ಲಿ ಸ್ಯಾಕೆಟ್ ಮತ್ತು ಜತೆಗಾರರು ನೂರಾರು ಅಧ್ಯಯನಗಳನ್ನು ಒಟ್ಟುಹಾಕಿ ತೋರಿಸಿದ್ದಾರೆ. ನಾಲ್ಕನೆಯದು ಆಚೆ ಕಡೆ ಯಾರೂ ಇಲ್ಲದ, ಯಂತ್ರ ಕೇಳುವ ಪ್ರಶ್ನೆಗೆ ದನಿ ಮುದ್ರಿಸಿ ಕಳಿಸುವ ಬಗೆ. 2020ರ ಕೊರೋನಾ ಲಾಕ್‌ಡೌನ್ ಕಾಲದಲ್ಲಿ ದೂರದಿಂದಲೇ ಸಂದರ್ಶನ ಮಾಡುವುದು ವಾಡಿಕೆಯಾಯಿತು, ಆಮೇಲೂ ಉಳಿಯಿತು.

ಅಂಕ ಕೊಡುವ ಸಂದರ್ಶನದಲ್ಲಿ ನಮ್ಮವರನ್ನು ಬೆದರಿಸುವ ಒಂದು ಗಳಿಗೆಯಿದೆ. ಉತ್ತರ ಮುಗಿದ ಮೇಲೆ ಆಚೆ ಕಡೆಯಿಂದ ಸದ್ದೇ ಇರುವುದಿಲ್ಲ. ಏನೋ ತಪ್ಪು ಹೇಳಿದೆ ಎಂದುಕೊಂಡು ಅಭ್ಯರ್ಥಿ ಮತ್ತೆ ಶುರುಮಾಡುತ್ತಾರೆ, ಹೇಳಿದ್ದನ್ನೇ ಕಲಸುತ್ತಾರೆ. ಆದರೆ ಬಹುಪಾಲು ಆ ಹೊತ್ತಿನಲ್ಲಿ ಸಂದರ್ಶಕರು ಉತ್ತರವನ್ನು ಟೈಪ್ ಮಾಡಿಕೊಳ್ಳುತ್ತಿರುತ್ತಾರೆ, ಅಷ್ಟೇ. ಮಾತಿನ ಸರದಿ ಬದಲಾಗುವ ನಡುವಿನ ಬಿಡುವು ಎಷ್ಟು ಎಂದು ಸ್ಟಿವರ್ಸ್ ಮತ್ತು ಸಂಗಡಿಗರು 2009ರಲ್ಲಿ ಹತ್ತು ಭಾಷೆಗಳಲ್ಲಿ ಅಳೆದಾಗ ಅದು ಸರಾಸರಿ ಒಂದು ಸೆಕೆಂಡಿನ ಐದನೇ ಒಂದು ಭಾಗದಷ್ಟಿತ್ತು. ಅಷ್ಟು ಚುರುಕಿಗೆ ಒಗ್ಗಿದ ಕಿವಿಗೆ ಮೂರು ಸೆಕೆಂಡಿನ ಮೌನವೂ ದೊಡ್ಡದಾಗಿ ಕೇಳುತ್ತದೆ. "ಇನ್ನೂ ಏನಾದರೂ ವಿವರ ಬೇಕೇ?" ಎಂದು ಒಮ್ಮೆ ಕೇಳಿ ಸುಮ್ಮನಾಗುವುದು ಕಲಿತರೆ ಅರ್ಧ ಗೆದ್ದ ಹಾಗೆ.

ಫೋನಿನಲ್ಲಿ ದನಿಗೆ ಏನಾಗುತ್ತದೆ

ಹಳೆಯ ದೂರವಾಣಿ ಜಾಲ ದಾಟಿಸುವುದು 300ರಿಂದ 3,400 ಹರ್ಟ್ಸ್‌ವರೆಗಿನ ಸದ್ದನ್ನು ಮಾತ್ರ. ಇಂಗ್ಲಿಷಿನ ಎಸ್, ಎಫ್‌ನಂಥ ಉಸಿರಿನ ವ್ಯಂಜನಗಳ ಬಲ ಹೆಚ್ಚಾಗಿ ಅದಕ್ಕಿಂತ ಮೇಲಿರುತ್ತದೆ. ಈಗಿನ ಎಚ್.ಡಿ. ಕರೆಗಳು 7,000 ಹರ್ಟ್ಸ್‌ವರೆಗೂ ಒಯ್ಯುತ್ತವಾದರೂ, ಎರಡೂ ಕಡೆಯ ಜಾಲ ಕೂಡಿಬಂದರೆ ಮಾತ್ರ. ಹಾಗಾಗಿ ಫೋನಿನಲ್ಲಿ ಎಸ್ ಎಫ್ ಆಗುವುದು, ಬಿ ಡಿ ಆಗುವುದು ಇಂಗ್ಲಿಷರ ನಡುವೆಯೂ ಉಂಟು. ತುಟಿ ಕಾಣದ ಕಡೆ ಗೊಂದಲ ಹೆಚ್ಚುವುದು ಸಹಜ.

ಇದಕ್ಕೆ ಮದ್ದು ಸರಳ. ಹೆಸರು, ಇಮೇಲ್, ಪೋಸ್ಟ್‌ಕೋಡ್ ಈ ಮೂರನ್ನು ಅಕ್ಷರ ಬಿಡಿಸಿ ಹೇಳುವುದನ್ನು ಬಾಯಿಪಾಠ ಮಾಡಬೇಕು. ಶ್ರೀನಿಧಿ ಎನ್ನುವವರು ತಮ್ಮ ಹೆಸರನ್ನು ಒಂದೇ ಉಸಿರಿಗೆ ಹೇಳಿದರೆ ಕೇಳಿಸಿಕೊಂಡವರು ಏನು ಬರೆದುಕೊಂಡರೋ ಗೊತ್ತಾಗದು. "ಎಸ್ ಫಾರ್ ಸಿಯೆರಾ, ಎಚ್ ಫಾರ್ ಹೋಟೆಲ್, ಆರ್ ಫಾರ್ ರೋಮಿಯೊ" ಎಂದು ನಿಧಾನವಾಗಿ ಹೇಳಿದರೆ ಹೆಸರು ಸರಿಯಾಗಿ ದಾಟುತ್ತದೆ, ಜತೆಗೆ ಈ ಮನುಷ್ಯ ಫೋನಿನಲ್ಲಿ ವ್ಯವಹರಿಸಬಲ್ಲ ಎನ್ನುವ ನಂಬಿಕೆಯೂ ಹುಟ್ಟುತ್ತದೆ. ಕೇಳಿಸದಿದ್ದರೆ "ಸಾರಿ, ಕುಡ್ ಯು ಸೇ ದಟ್ ಅಗೇನ್?" ಎಂದು ಕೇಳುವುದರಲ್ಲಿ ಅವಮಾನವಿಲ್ಲ. ಅರ್ಥವಾಗದ ಪ್ರಶ್ನೆಗೆ ಊಹೆಯ ಮೇಲೆ ಉತ್ತರ ಕೊಡುವುದರಲ್ಲಿ ನಷ್ಟವಿದೆ.

ಜಾಗದ ಮಾತೂ ಇಲ್ಲೇ ಬರಬೇಕು. ಈಸ್ಟ್ ಹ್ಯಾಮ್‌ನ ಹಳೆಯ ಸಾಲುಮನೆಗಳಲ್ಲಿ ಕೋಣೆಗೊಬ್ಬರಂತೆ, ಕೆಲವೊಮ್ಮೆ ಕೋಣೆಗೆ ಮೂವರಂತೆ ಬಾಡಿಗೆಗಿರುತ್ತಾರೆ. ಪಕ್ಕದ ಮಂಚದಲ್ಲಿ ರಾತ್ರಿ ಪಾಳಿ ಮುಗಿಸಿದವರು ಮಲಗಿರುತ್ತಾರೆ, ಕೆಳಗೆ ಕುಕ್ಕರ್ ಕೂಗುತ್ತಿರುತ್ತದೆ. ಬೀದಿಗೆ ಬಂದರೆ ಬಸ್ಸಿನ ಗದ್ದಲ. ಇಂಥಲ್ಲಿ ಹಠಾತ್ತಾಗಿ ಕರೆ ಬಂದರೆ, ಕರೆದದ್ದಕ್ಕೆ ಸಂತೋಷ ಹೇಳಿ, "ಹತ್ತು ನಿಮಿಷ ಬಿಟ್ಟು ನಿಶ್ಶಬ್ದವಾದ ಕಡೆಯಿಂದ ಮಾತಾಡಬಹುದೇ?" ಎಂದು ಕೇಳುವುದೇ ಸರಿ. ಯಾವ ಸಭ್ಯ ಉದ್ಯೋಗದಾತರೂ ಅದಕ್ಕೆ ಬೇಸರಿಸಿಕೊಳ್ಳುವುದಿಲ್ಲ. ಆ ಹತ್ತು ನಿಮಿಷದಲ್ಲಿ ಸಿ.ವಿ., ಕೆಲಸದ ವಿವರಣೆ, ಒಂದು ಲೋಟ ನೀರು ಎದುರಿಗೆ ಬರುತ್ತವೆ. ಮುಖಾಮುಖಿಯಲ್ಲಿ ಸಿಗದ ಒಂದು ಅನುಕೂಲ ಫೋನಿನಲ್ಲಿದೆ, ಚೀಟಿ ಎದುರಿಗಿಟ್ಟುಕೊಳ್ಳಬಹುದು. ಆದರೆ ಅದರಲ್ಲಿ ತಲೆಬರಹಗಳಷ್ಟೇ ಇರಲಿ. ಓದಿ ಒಪ್ಪಿಸುವ ದನಿ ಎರಡನೇ ಸಾಲಿನಲ್ಲೇ ಗೊತ್ತಾಗುತ್ತದೆ.

ಸೌತಾಲ್‌ನಿಂದ ಬಂದ ಪಾಠ

ವಲಸೆ ಬಂದವರ ಇಂಗ್ಲಿಷಿನ ಬಗ್ಗೆ ಬ್ರಿಟನ್ನಿನಲ್ಲಿ ಗಂಭೀರವಾಗಿ ಯೋಚಿಸಿದವರಲ್ಲಿ ಭಾಷಾವಿಜ್ಞಾನಿ ಜಾನ್ ಗಂಪರ್ಜ್ ಮುಖ್ಯರು. ಲಂಡನ್ನಿನ ಒಂದು ವಿಮಾನ ನಿಲ್ದಾಣದ ಸಿಬ್ಬಂದಿ ಕ್ಯಾಂಟೀನಿನಲ್ಲಿ ಬಡಿಸುತ್ತಿದ್ದ ಭಾರತ, ಪಾಕಿಸ್ತಾನ ಮೂಲದ ಹೆಂಗಸರು ಒರಟರು ಎಂದು ದೂರು ಬಂದಿತ್ತು. ಅವರು ಆಡುತ್ತಿದ್ದದ್ದು "ಗ್ರೇವಿ" ಎನ್ನುವ ಒಂದೇ ಪದ. ಇಂಗ್ಲಿಷರು ಅದನ್ನು ದನಿ ಏರಿಸಿ, "ಬೇಕೇ?" ಎನ್ನುವಂತೆ ಹೇಳುತ್ತಾರೆ. ಇವರು ದನಿ ಇಳಿಸಿ ಹೇಳುತ್ತಿದ್ದರು. ಕೇಳಿದವರಿಗೆ ಅದು "ಇದು ಗ್ರೇವಿ, ಬೇಕಾದರೆ ತಗೋ" ಎಂದಂತೆ ಕೇಳಿಸುತ್ತಿತ್ತು. ಎರಡೂ ಕಡೆಯವರಿಗೆ ಮುದ್ರಿಕೆ ಕೇಳಿಸಿ ವಿವರಿಸಿದ ಮೇಲೆ ಮನಸ್ತಾಪ ಕರಗಿತು. ಗಂಪರ್ಜ್, ಟಾಮ್ ಜಪ್, ಸೀಲಿಯಾ ರಾಬರ್ಟ್ಸ್ ಸೇರಿ ರೂಪಿಸಿದ 'ಕ್ರಾಸ್‌ಟಾಕ್' ಕಾರ್ಯಕ್ರಮವನ್ನು ಬಿಬಿಸಿ 1979ರಲ್ಲಿ ಪ್ರಸಾರ ಮಾಡಿತು. ಅದರ ಹಿಂದಿದ್ದ ಕೈಗಾರಿಕಾ ಭಾಷಾ ತರಬೇತಿಯ ರಾಷ್ಟ್ರೀಯ ಕೇಂದ್ರ ಇದ್ದದ್ದು ಪಶ್ಚಿಮ ಲಂಡನ್ನಿನ ಸೌತಾಲ್‌ನಲ್ಲಿ.

ಅದೇ ಸೀಲಿಯಾ ರಾಬರ್ಟ್ಸ್ 2006ರಲ್ಲಿ ಸಾರಾ ಕ್ಯಾಂಪ್‌ಬೆಲ್ ಜತೆ ಬ್ರಿಟನ್ನಿನ ಉದ್ಯೋಗ ಮತ್ತು ಪಿಂಚಣಿ ಇಲಾಖೆಗಾಗಿ 'ಟಾಕ್ ಆನ್ ಟ್ರಯಲ್' ವರದಿ ಬರೆದರು. ಕಡಿಮೆ ಸಂಬಳದ ಕೆಲಸಗಳಿಗೆ ನಡೆದ ನಿಜವಾದ ಸಂದರ್ಶನಗಳನ್ನು ಚಿತ್ರೀಕರಿಸಿ ಮಾತು ಮಾತನ್ನೂ ಪರಿಶೀಲಿಸಿದ ಅಧ್ಯಯನ ಅದು. ಬ್ರಿಟನ್ನಿನಲ್ಲೇ ಹುಟ್ಟಿದ ಅಲ್ಪಸಂಖ್ಯಾತರು ಬಿಳಿಯರಿಗೆ ಸರಿಸಮನಾಗಿಯೇ ಗೆಲ್ಲುತ್ತಿದ್ದರು, ಹೊರದೇಶದಲ್ಲಿ ಹುಟ್ಟಿದವರು ಹೆಚ್ಚು ಸೋಲುತ್ತಿದ್ದರು. ಕಾರಣ ಇಂಗ್ಲಿಷ್ ಬಾರದಿರುವುದಲ್ಲ. ಸಂದರ್ಶನ ಬಯಸುವ ಕತೆಯ ಆಕಾರ, ವೈಯಕ್ತಿಕವಾದದ್ದನ್ನೂ ಸಂಸ್ಥೆಯ ಭಾಷೆಯನ್ನೂ ಬೆರೆಸುವ ಹದ ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಇದನ್ನು ಆ ಸಂಶೋಧಕರು ಭಾಷೆಯ ದಂಡ ಎಂದು ಕರೆದರು. ಸಾಮಾನು ಜೋಡಿಸುವ ಕೆಲಸಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ಮಾತಿನ ಚಾತುರ್ಯವನ್ನು ಅದರ ಸಂದರ್ಶನ ಕೇಳುತ್ತದೆ ಎನ್ನುವ ಅವರ ಮಾತು ಇಂದಿಗೂ ಸುಳ್ಳಾಗಿಲ್ಲ. ಆ ವರದಿ ಮುಖಾಮುಖಿ ಸಂದರ್ಶನಗಳದು. ಮುಖವೂ ಕಾಣದ ಫೋನಿನಲ್ಲಿ ಈ ದಂಡ ಕಡಿಮೆಯಾಗಲು ಕಾರಣವಿಲ್ಲ.

'ನಾನು' ಎನ್ನುವುದು

ನಮ್ಮ ಕಡೆಯ ಅಭ್ಯಾಸಗಳನ್ನೂ ಇಲ್ಲಿ ನೋಡಿಕೊಳ್ಳಬೇಕು. ಕರ್ನಾಟಕದ ಕಾಲೇಜುಗಳಲ್ಲಿ ಕ್ಯಾಂಪಸ್ ಸಂದರ್ಶನಕ್ಕೆ ಕಲಿಸುವ ಸ್ವಪರಿಚಯಕ್ಕೆ ಒಂದು ಅಚ್ಚಿದೆ. ಹೆಸರು, ಊರು, ತಂದೆ ಏನು ಮಾಡುತ್ತಾರೆ, ತಾಯಿ ಗೃಹಿಣಿ, ಎಸ್ಸೆಸ್ಸೆಲ್ಸಿಯಲ್ಲಿ ಶೇಕಡಾ ಎಷ್ಟು, ಹವ್ಯಾಸ ಏನು ಎನ್ನುವ ಸರಣಿ. ಮನೆತನದ ಮೂಲಕ ಮನುಷ್ಯನನ್ನು ಗುರುತಿಸುವ ನಮ್ಮಲ್ಲಿ ಅದು ತಪ್ಪಲ್ಲ. ಲಂಡನ್ನಿನಲ್ಲಿ "ನಿಮ್ಮ ಬಗ್ಗೆ ಹೇಳಿ" ಎಂದರೆ ಕೇಳುವುದು ಬೇರೆ: ಈಗ ಏನು ಮಾಡುತ್ತಿದ್ದೀರಿ, ಹಿಂದೆ ಏನು ಮಾಡಿದಿರಿ, ಈ ಕೆಲಸಕ್ಕೆ ಅದು ಹೇಗೆ ಒದಗುತ್ತದೆ. ಒಂದೂವರೆ ನಿಮಿಷ ಸಾಕು, ಮನೆಯವರ ವಿಷಯ ಬೇಡ.

ಸಂಬೋಧನೆಯೂ ಹಾಗೆಯೇ. ಇಲ್ಲಿ ಸಂದರ್ಶಕರು ಮೊದಲ ಹೆಸರಿನಿಂದಲೇ ಪರಿಚಯ ಹೇಳಿಕೊಳ್ಳುತ್ತಾರೆ. ಮಾತು ಮಾತಿಗೂ ಸರ್, ಮೇಡಂ ಎಂದರೆ ನಮ್ಮ ಗೌರವ ಅವರಿಗೆ ಅಂಜಿಕೆಯಾಗಿ ಕೇಳುತ್ತದೆ. ಮೊದಲ ನಿಮಿಷದ ಹವಾಮಾನದ ಮಾತು ವ್ಯರ್ಥವಲ್ಲ, ಎರಡೂ ಕಡೆಯವರು ದನಿ ಹೊಂದಿಸಿಕೊಳ್ಳುವ ಹೊತ್ತದು.

ಎಲ್ಲಕ್ಕಿಂತ ಕಷ್ಟ ತನ್ನ ಕೆಲಸವನ್ನು ತನ್ನದೆಂದು ಹೇಳುವುದು. ತನ್ನನ್ನು ತಾನೇ ಹೊಗಳಿಕೊಳ್ಳಬಾರದೆಂದು ಬೆಳೆದವರು "ನಾವು ಮಾಡಿದೆವು", "ಟೀಮಿನಲ್ಲಿ ಆಯಿತು" ಎನ್ನುತ್ತಾರೆ. ಅಂಕದ ಪಟ್ಟಿ ಹಿಡಿದವರಿಗೆ ಆ 'ನಾವು' ಒಳಗೆ ಈ ಅಭ್ಯರ್ಥಿ ಎಲ್ಲಿದ್ದಾರೆಂದು ತಿಳಿಯುವುದಿಲ್ಲ. ಇನ್ನು ಕೆಲವರು ಗುಣಗಳ ಪಟ್ಟಿ ಒಪ್ಪಿಸುತ್ತಾರೆ. ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ದಾವಣಗೆರೆಯ ಔಷಧಿ ಅಂಗಡಿಯಲ್ಲಿ ಕೆಲಸ ಮಾಡಿ ಬಂದ ಹುಡುಗಿ ಎಂದುಕೊಳ್ಳಿ. ಪ್ರಶ್ನೆ: ಸಿಟ್ಟಾದ ಗಿರಾಕಿಯನ್ನು ನಿಭಾಯಿಸಿದ ಒಂದು ಸಂದರ್ಭ ಹೇಳಿ.

ಮೊದಲ ಉತ್ತರ: "ನನಗೆ ತಾಳ್ಮೆ ಜಾಸ್ತಿ. ಗಿರಾಕಿಯೇ ದೇವರು ಎಂದು ನಂಬಿದ್ದೇನೆ. ಎಲ್ಲರ ಹತ್ತಿರವೂ ನಗುನಗುತ್ತಾ ಮಾತಾಡುತ್ತೇನೆ." ಇದರಲ್ಲಿ ಸುಳ್ಳಿಲ್ಲ, ಆದರೆ ಅಂಕ ಕೊಡಲು ಏನೂ ಇಲ್ಲ.

ಎರಡನೇ ಉತ್ತರ: "ಔಷಧಿ ಅಂಗಡಿಯ ಕೌಂಟರಿನಲ್ಲಿದ್ದೆ. ಒಂದು ಸಂಜೆ ವಯಸ್ಸಾದವರೊಬ್ಬರು ಬಿ.ಪಿ. ಮಾತ್ರೆ ಬದಲಾಗಿದೆ ಎಂದು ಜೋರು ಮಾಡುತ್ತಾ ಬಂದರು. ಹಿಂದೆ ಇನ್ನೂ ಆರೇಳು ಜನ ನಿಂತಿದ್ದರು. ನಾನು ಅವರನ್ನು ಪಕ್ಕದಲ್ಲಿ ಕೂರಿಸಿ, ಡಾಕ್ಟರ ಚೀಟಿಯನ್ನೂ ಬಿಲ್ಲನ್ನೂ ಹೋಲಿಸಿ ನೋಡಿದೆ. ಔಷಧಿ ಅದೇ, ಕಂಪನಿ ಬೇರೆ. ಡಾಕ್ಟರಿಗೆ ಫೋನ್ ಮಾಡಿ, ಅವರಿಂದಲೇ ಹೇಳಿಸಿದೆ. ಆ ಹಿರಿಯರು ಸಮಾಧಾನದಿಂದ ಹೋದರು. ಕಂಪನಿ ಬದಲಾದರೆ ಕೊಡುವ ಮೊದಲೇ ಹೇಳಬೇಕು ಎಂದು ಮಾಲೀಕರಿಗೆ ಸೂಚಿಸಿದೆ, ಅದೇ ಅಂಗಡಿಯ ಪದ್ಧತಿಯಾಯಿತು."

ಇಷ್ಟಕ್ಕೆ ಒಂದು ನಿಮಿಷ ಸಾಕು. ಸನ್ನಿವೇಶ, ಹೊಣೆ, ಮಾಡಿದ ಕೆಲಸ, ಫಲ ಎನ್ನುವ ಕ್ರಮವನ್ನೇ ಇಲ್ಲಿನವರು 'ಸ್ಟಾರ್' ಪದ್ಧತಿ ಎನ್ನುತ್ತಾರೆ. ಇದರಲ್ಲಿ ಆತ್ಮಪ್ರಶಂಸೆಯ ಒಂದು ಮಾತೂ ಇಲ್ಲ ಎನ್ನುವುದನ್ನು ಗಮನಿಸಬೇಕು. ನಡೆದದ್ದನ್ನು ನಡೆದ ಹಾಗೆ ಹೇಳಿದರೆ ತಾಳ್ಮೆ, ಎಚ್ಚರ, ಹೊಣೆಗಾರಿಕೆ ತಾವಾಗಿ ಕಾಣುತ್ತವೆ. ವಿನಯವನ್ನು ಬಿಟ್ಟುಕೊಡದೆಯೂ 'ನಾನು' ಎನ್ನಬಹುದು.

ಉಚ್ಚಾರಣೆಯ ಭಯ

"ನನ್ನ ಆಕ್ಸೆಂಟ್‌ನಿಂದ ಕೆಲಸ ಹೋಯಿತು" ಎನ್ನುವ ಮಾತು ಈಸ್ಟ್ ಹ್ಯಾಮ್‌ನ ಅಡುಗೆಮನೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅದು ಬರೀ ಭ್ರಮೆಯಲ್ಲ. ಇದೇ ಡಿಸ್ಟ್ರಿಕ್ಟ್ ಲೈನಿನ ಮೈಲ್ ಎಂಡ್‌ನಲ್ಲಿರುವ ಕ್ವೀನ್ ಮೇರಿ ವಿಶ್ವವಿದ್ಯಾಲಯದಲ್ಲಿ ದೇವಯಾನಿ ಶರ್ಮಾ ಮತ್ತು ಸಂಗಡಿಗರು ನಡೆಸಿದ 'ಆಕ್ಸೆಂಟ್ ಬಯಾಸ್ ಇನ್ ಬ್ರಿಟನ್' ಯೋಜನೆ, ಉಚ್ಚಾರಣೆಗಳ ಪ್ರತಿಷ್ಠೆಯ ಏಣಿ ಐವತ್ತು ವರ್ಷಗಳಲ್ಲಿ ಹೆಚ್ಚು ಬದಲಾಗಿಲ್ಲ, ಭಾರತೀಯ ಉಚ್ಚಾರಣೆ ಈಗಲೂ ಕೆಳಗಿನ ಮೆಟ್ಟಿಲಲ್ಲಿದೆ ಎಂದು ಕಂಡುಕೊಂಡಿತು. ಹೆಸರಿನ ಮೇಲಿನ ತಾರತಮ್ಯಕ್ಕೂ ಸಾಕ್ಷ್ಯವಿದೆ. ಉದ್ಯೋಗ ಮತ್ತು ಪಿಂಚಣಿ ಇಲಾಖೆ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಒಳ್ಳೆಯ ಪ್ರತಿಕ್ರಿಯೆ ಪಡೆಯಲು ಬಿಳಿಯರ ಹೆಸರಿನ ಅಭ್ಯರ್ಥಿಗೆ 9 ಅರ್ಜಿ ಸಾಕಾದರೆ, ಅಷ್ಟೇ ಅರ್ಹತೆಯ ಅಲ್ಪಸಂಖ್ಯಾತ ಹೆಸರಿಗೆ 16 ಬೇಕಾದವು.

ಆದರೆ ಕ್ವೀನ್ ಮೇರಿಯವರದೇ ಇನ್ನೊಂದು ಪ್ರಯೋಗ ಧೈರ್ಯ ಕೊಡುತ್ತದೆ. ಬ್ರಿಟನ್ನಿನದೇ ಐದು ಬಗೆಯ ಉಚ್ಚಾರಣೆಯಲ್ಲಿ ವಕೀಲಿ ತರಬೇತಿಯ ಸಂದರ್ಶನದ ಉತ್ತರಗಳನ್ನು ಕೇಳಿಸಿದಾಗ, ಕಾನೂನು ಸಂಸ್ಥೆಗಳಲ್ಲಿ ನೇಮಕದ ಅನುಭವವಿದ್ದವರು ಉಚ್ಚಾರಣೆ ಯಾವುದೇ ಇರಲಿ, ಒಳ್ಳೆಯ ಉತ್ತರವನ್ನು ಒಳ್ಳೆಯದೆಂದೇ ಗುರುತಿಸಿದರು. ಅದರಲ್ಲಿ ಭಾರತೀಯ ಉಚ್ಚಾರಣೆ ಇರಲಿಲ್ಲವಾದ್ದರಿಂದ ಪೂರ್ತಿ ನಮಗೆ ಅನ್ವಯಿಸಲಾಗದು. ಆದರೂ ಉತ್ತರದ ತಿರುಳಿಗೆ ಬೆಲೆಯಿದೆ ಎನ್ನುವುದು ಅದರಿಂದ ಗಟ್ಟಿಯಾಗುತ್ತದೆ.

ಬೆಂಗಳೂರು ಈ ಪಾಠವನ್ನು ತನ್ನದೇ ರೀತಿಯಲ್ಲಿ ಕಲಿತಿದೆ. 2000ದ ಸುಮಾರಿಗೆ ಕಾಲ್ ಸೆಂಟರುಗಳು ಹುಡುಗ ಹುಡುಗಿಯರಿಗೆ ವಿದೇಶಿ ಹೆಸರಿಟ್ಟು ಅಮೆರಿಕನ್ ದನಿ ಕಲಿಸಲು ಹೊರಟಿದ್ದವು. ಆಮೇಲಾಮೇಲೆ ಅನುಕರಣೆ ಬಿಟ್ಟು, ಎಲ್ಲರಿಗೂ ತಿಳಿಯುವ ಸ್ಪಷ್ಟತೆಯ ಕಡೆ ಒಲವು ಬೆಳೆಯಿತು. ಈಸ್ಟ್ ಹ್ಯಾಮ್‌ನಲ್ಲೂ ಗುರಿ ಅದೇ ಆಗಬೇಕು. ವೇಗ ಕಡಿಮೆ ಮಾಡುವುದು, ವಾಕ್ಯದ ಕೊನೆಯನ್ನು ನುಂಗದಿರುವುದು, ಮುಖ್ಯ ಪದದ ಮೇಲೆ ಒತ್ತು ಕೊಡುವುದು, ಒಂದು ವಿಚಾರ ಮುಗಿದಾಗ ನಿಲ್ಲುವುದು ಇಷ್ಟನ್ನು ಸಾಧಿಸಿದರೆ ಧಾರವಾಡದ ದನಿಯೂ ಮಂಗಳೂರಿನ ದನಿಯೂ ಲಂಡನ್ನಿನಲ್ಲಿ ಚೆನ್ನಾಗಿ ತಿಳಿಯುತ್ತವೆ.

ಧೈರ್ಯ ಎಲ್ಲಿಂದ ಬರುತ್ತದೆ

ಸಂವಹನದ 93 ಪಾಲು ಹಾವಭಾವ ಮತ್ತು ದನಿ, ಪದಗಳದು 7 ಪಾಲು ಮಾತ್ರ ಎಂದು ತರಬೇತಿ ಶಿಬಿರಗಳಲ್ಲಿ ಹೇಳುವುದುಂಟು. ಅದು ಆಲ್ಬರ್ಟ್ ಮೆಹ್ರಾಬಿಯನ್ 1967ರಲ್ಲಿ ಬಿಡಿಪದಗಳನ್ನಿಟ್ಟು ಇಷ್ಟಾನಿಷ್ಟದ ಭಾವನೆಗಳ ಮೇಲೆ ಮಾಡಿದ ಪ್ರಯೋಗದ ತಪ್ಪು ಬಳಕೆ. ಕೆಲಸದ ಸಂದರ್ಶನಕ್ಕೆ ಅದು ಸಲ್ಲದು. ಹೆಚ್ಚು ನಂಬಬೇಕಾದ ಅಧ್ಯಯನ ಚಿಕಾಗೊ ವಿಶ್ವವಿದ್ಯಾಲಯದ ಜೂಲಿಯಾನಾ ಶ್ರೋಡರ್ ಮತ್ತು ನಿಕೊಲಸ್ ಎಪ್ಲಿ 2015ರಲ್ಲಿ ಪ್ರಕಟಿಸಿದ್ದು. ಎಂ.ಬಿ.ಎ. ವಿದ್ಯಾರ್ಥಿಗಳ ಅದೇ ಮಾತನ್ನು ಓದಿದವರಿಗಿಂತ ಕೇಳಿದವರು ಅವರನ್ನು ಹೆಚ್ಚು ಬುದ್ಧಿವಂತರೆಂದು ತೂಗಿದರು. ದನಿಯ ಜತೆ ವಿಡಿಯೊ ಸೇರಿಸಿದರೂ ಹೆಚ್ಚಿನ ವ್ಯತ್ಯಾಸ ಆಗಲಿಲ್ಲ. ದನಿ ಒಂದೇ ಆದರೂ ಅದು ಯೋಚನೆಯನ್ನು ಒಯ್ಯಬಲ್ಲದು. ತೂಕದ ಇನ್ನೊಂದು ತಟ್ಟೆಯನ್ನೂ ಹೇಳಬೇಕು: ತಂತ್ರಜ್ಞಾನದ ಮೂಲಕ ಸಂದರ್ಶನ ಕೊಟ್ಟವರಿಗೆ ಮುಖಾಮುಖಿಗಿಂತ ಕಡಿಮೆ ಅಂಕ ಬೀಳುತ್ತದೆ ಎಂದು 2016ರ ಒಂದು ಒಟ್ಟುವಿಶ್ಲೇಷಣೆ ತೋರಿಸಿದೆ. ಆದ್ದರಿಂದ ಫೋನಿಗೆ ಬೇರೆಯೇ ತಯಾರಿ ಬೇಕು.

ಆತ್ಮವಿಶ್ವಾಸದ ಬಗ್ಗೆ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ 1977ರಲ್ಲಿ ನಾಲ್ಕು ಮೂಲಗಳನ್ನು ಹೇಳಿದರು: ತಾನೇ ಮಾಡಿ ಗೆದ್ದ ಅನುಭವ, ತನ್ನಂಥವರು ಗೆದ್ದದ್ದನ್ನು ನೋಡುವುದು, ಇನ್ನೊಬ್ಬರ ಪ್ರೋತ್ಸಾಹ, ಮೈಯ ಸ್ಥಿತಿ. ಇವುಗಳಲ್ಲಿ ಮೊದಲನೆಯದೇ ಬಲವಾದದ್ದು. ಯೂಟ್ಯೂಬಿನಲ್ಲಿ ನೂರು ವಿಡಿಯೊ ನೋಡಿದವರಿಗಿಂತ, ಗೆಳೆಯರ ಜತೆ ಫೋನಿನಲ್ಲಿ ಹತ್ತು ಸಲ ಅಭ್ಯಾಸ ಮಾಡಿದವರು ಗಟ್ಟಿಯಾಗುವುದು ಇದಕ್ಕೇ. ಈಜು ಕಲಿಯುವವರು ನೀರಿಗೆ ಇಳಿಯಲೇಬೇಕು.

ಅಭ್ಯಾಸದ ಕ್ರಮ ಹೀಗಿರಲಿ. ಸ್ವಂತ ಬದುಕಿನಿಂದ ಏಳೆಂಟು ಪ್ರಸಂಗ ಆರಿಸಿಕೊಳ್ಳಿ: ಜಗಳ ಬಗೆಹರಿಸಿದ್ದು, ಗಡುವಿನೊಳಗೆ ಮುಗಿಸಿದ್ದು, ತಪ್ಪು ತಿದ್ದಿದ್ದು, ಹೊಸದು ಕಲಿತದ್ದು. ಪ್ರತಿಯೊಂದನ್ನೂ ಮೊದಲು ಕನ್ನಡದಲ್ಲಿ, ಮನೆಯವರಿಗೆ ಹೇಳುವಂತೆ ಹೇಳಿ. ಕನ್ನಡದಲ್ಲಿ ಹೇಳುವಾಗ ವಿವರ ತಾನಾಗಿ ಬರುತ್ತದೆ. ಆಮೇಲೆ ಅದನ್ನೇ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ ಹೇಳಿ ಮುದ್ರಿಸಿಕೊಳ್ಳಿ, ಕೇಳಿ, ಮತ್ತೆ ಹೇಳಿ. ಕೊನೆಗೆ ಗೆಳೆಯರೊಬ್ಬರು ಬೇರೆ ಕೋಣೆಯಿಂದ, ಹೇಳದ ಹೊತ್ತಿನಲ್ಲಿ ಕರೆಮಾಡಿ ಪ್ರಶ್ನೆ ಕೇಳಲಿ. ಎದೆ ಹೊಡೆದುಕೊಂಡರೆ ಅದನ್ನು ಅದುಮುವ ಬದಲು ಹುರುಪೆಂದು ಕರೆದುಕೊಳ್ಳಿ. ಹೀಗೆ ಮಾಡಿದವರು ಸಭೆಯಲ್ಲಿ ಚೆನ್ನಾಗಿ ಮಾತಾಡಿದರೆಂದು ಹಾರ್ವರ್ಡಿನ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ತೋರಿಸಿದ್ದಾರೆ. ನಗು ಮುಖದಲ್ಲಿದ್ದರೆ ಅದು ದನಿಯಲ್ಲೂ ಕೇಳುತ್ತದೆ ಎನ್ನುವುದಕ್ಕೆ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದ 2008ರ ಅಧ್ಯಯನವಿದೆ.

ಮಕ್ಕಳಿಗಾಗಿ ಕೆಲಸ ಬಿಟ್ಟು ವರ್ಷಗಳ ಮೇಲೆ ಮರಳುವ ಹೆಂಗಸರಿಗೆ ಈ ಅಭ್ಯಾಸ ಇನ್ನೂ ಹೆಚ್ಚು ಬೇಕು. ಅವರ ಅನುಭವ ಎಲ್ಲೂ ಹೋಗಿಲ್ಲ, ಅದನ್ನು ಗಟ್ಟಿಯಾಗಿ ಹೇಳುವ ರೂಢಿ ಮಾತ್ರ ತಪ್ಪಿದೆ. ಬಿಡುವಿನ ವರ್ಷಗಳ ಬಗ್ಗೆ ಕೇಳಿದರೆ ಸಂಕೋಚ ಬೇಡ. ಎರಡು ವಾಕ್ಯದಲ್ಲಿ ಕಾರಣ ಹೇಳಿ, ಈಗ ಸಿದ್ಧ ಎಂದು ಮುಂದಕ್ಕೆ ಹೋಗಬಹುದು.

ಹಕ್ಕು ಮತ್ತು ಮೋಸ

ಧೈರ್ಯಕ್ಕೆ ತಿಳಿವಳಿಕೆಯ ಬೆಂಬಲ ಬೇಕು. 2010ರ ಸಮಾನತಾ ಕಾಯ್ದೆಯ 60ನೇ ಸೆಕ್ಷನ್ ಪ್ರಕಾರ ಕೆಲವು ವಿನಾಯಿತಿ ಬಿಟ್ಟರೆ, ಕೆಲಸ ಕೊಡುವ ಮೊದಲು ಆರೋಗ್ಯದ ಬಗ್ಗೆ ಕೇಳುವಂತಿಲ್ಲ. ಕಿವಿ ಮಂದವಿದ್ದವರು, ತೊದಲುವವರು ಫೋನಿನ ಬದಲು ಬೇರೆ ವ್ಯವಸ್ಥೆ ಕೇಳಬಹುದು, ಅದು ಆ ಕಾಯ್ದೆ ಕೊಟ್ಟ ಹಕ್ಕು. ಉಚ್ಚಾರಣೆಯ ಮೇಲಿನ ಟೀಕೆ ಜನಾಂಗಕ್ಕೆ ಸಂಬಂಧಿಸಿದ ಕಿರುಕುಳ ಆಗಬಲ್ಲದು ಎಂದು ಉದ್ಯೋಗ ಮೇಲ್ಮನವಿ ನ್ಯಾಯಮಂಡಳಿ 2024ರಲ್ಲಿ ಹೇಳಿದೆ. ಕೆಲಸ ಮಾಡುವ ಹಕ್ಕಿದೆಯೇ ಎಂದು ಕೇಳುವುದು ಮಾತ್ರ ಉದ್ಯೋಗದಾತರ ಕರ್ತವ್ಯ. ಅದಕ್ಕೆ ಆನ್‌ಲೈನಿನಲ್ಲಿ ಸಿಗುವ ಶೇರ್ ಕೋಡ್ ಸಾಕು.

ಅವಸರದಲ್ಲಿರುವವರನ್ನೇ ಹುಡುಕುವ ಮೋಸಗಾರರೂ ಫೋನ್ ಮಾಡುತ್ತಾರೆ. ಕೆಲಸ ಹುಡುಕಿಕೊಡಲು ಏಜೆನ್ಸಿ ಶುಲ್ಕ ಕೇಳುವುದನ್ನು 1973ರ ಉದ್ಯೋಗ ಏಜೆನ್ಸಿ ಕಾಯ್ದೆ, ಮನರಂಜನೆಯಂಥ ಕೆಲವು ರಂಗ ಬಿಟ್ಟು, ನಿಷೇಧಿಸಿದೆ. ವೀಸಾಕ್ಕೆ ಬೇಕಾದ ಪ್ರಾಯೋಜಕತ್ವದ ಪ್ರಮಾಣಪತ್ರ ಕೊಡಿಸುತ್ತೇನೆ, ಇಷ್ಟು ಸಾವಿರ ಕೊಡಿ ಎಂದರೆ ಅಲ್ಲೇ ಫೋನ್ ಇಡಬೇಕು. ಪರವಾನಗಿ ಇರುವ ಪ್ರಾಯೋಜಕರ ಪಟ್ಟಿ ಸರ್ಕಾರದ ಜಾಲತಾಣದಲ್ಲೇ ಇದೆ. ಕರೆ ಬಂದ ತಕ್ಷಣ ಕಂಪನಿಯ ಹೆಸರು ಬರೆದುಕೊಂಡು, ಆಮೇಲೆ ಅಲ್ಲಿ ನೋಡಬಹುದು.

ಹತ್ತಿರದಲ್ಲೇ ಇರುವ ಸಹಾಯ, ನಾವು ಮಾಡಬೇಕಾದದ್ದು

ನೆರವು ದೂರದಲ್ಲಿಲ್ಲ. ನ್ಯೂಹ್ಯಾಮ್ ಕೌನ್ಸಿಲ್ಲಿನ ಉದ್ಯೋಗ ಸೇವೆಯಿದೆ. ಹೈ ಸ್ಟ್ರೀಟ್ ಸೌತ್‌ನಲ್ಲಿ ನ್ಯೂಹ್ಯಾಮ್ ಕಾಲೇಜಿನ ಈಸ್ಟ್ ಹ್ಯಾಮ್ ಆವರಣವಿದೆ. ಬಾರ್ಕಿಂಗ್ ರೋಡಿನ ಗ್ರಂಥಾಲಯದಲ್ಲಿ ಕೂತು ತಯಾರಿ ಮಾಡಬಹುದು. ಇಂಗ್ಲೆಂಡಿನ ನ್ಯಾಷನಲ್ ಕೆರಿಯರ್ಸ್ ಸರ್ವಿಸ್ 0800 100 900 ನಂಬರಿನಲ್ಲಿ ಉಚಿತ ಸಲಹೆ ಕೊಡುತ್ತದೆ. ಆ ಕರೆಯೇ ಒಂದು ಒಳ್ಳೆಯ ಫೋನ್ ಅಭ್ಯಾಸವೂ ಹೌದು. ವಿದ್ಯಾರ್ಥಿಗಳಿಗೆ ವಿಶ್ವವಿದ್ಯಾಲಯದ ವೃತ್ತಿ ವಿಭಾಗ ಅಣಕು ಸಂದರ್ಶನ ನಡೆಸುತ್ತದೆ. ಕಟ್ಟಿದ ಫೀಸಿನಲ್ಲೇ ಇದೂ ಸೇರಿದೆ ಎಂದು ತಿಳಿದು ಬಳಸಿಕೊಳ್ಳಬೇಕು.

ಉದ್ಯೋಗದಾತರ ಪಾಲೂ ಇದೆ. ಪ್ರಶ್ನೆಗಳ ಬಗೆಯನ್ನು ಮೊದಲೇ ತಿಳಿಸುವುದು, ಅರ್ಥವಾಗದಿದ್ದರೆ ಬೇರೆ ಮಾತಿನಲ್ಲಿ ಕೇಳುವುದು, ಗೋದಾಮಿನ ಕೆಲಸಕ್ಕೆ ಭಾಷಣಕಾರರನ್ನು ಹುಡುಕದಿರುವುದು ಅವರಿಂದ ಆಗಬೇಕು. ಕಲಿಯುವ ಭಾರವನ್ನೆಲ್ಲ ಬಂದವರ ಹೆಗಲಿಗೆ ಹಾಕುವುದು ನ್ಯಾಯವಲ್ಲ.

ಉಳಿದದ್ದು ನಮ್ಮದು. ಬ್ರಿಟನ್ನಿನ ಕನ್ನಡ ಸಂಘಗಳು ರಾಜ್ಯೋತ್ಸವ, ಯುಗಾದಿಗಳನ್ನು ಚೆನ್ನಾಗಿ ನಡೆಸುತ್ತವೆ. ಅದೇ ಜನರಲ್ಲಿ ಆಸ್ಪತ್ರೆ, ಬ್ಯಾಂಕು, ಐ.ಟಿ. ಕಂಪನಿಗಳಲ್ಲಿ ಇಪ್ಪತ್ತು ವರ್ಷ ದುಡಿದು ತಾವೇ ಸಂದರ್ಶನ ಮಾಡುವವರಿದ್ದಾರೆ. ಅವರಲ್ಲಿ ಒಬ್ಬೊಬ್ಬರು ವಾರಕ್ಕೊಮ್ಮೆ ಅರ್ಧ ಗಂಟೆ ಕೊಟ್ಟು ಹೊಸದಾಗಿ ಬಂದ ಒಬ್ಬರಿಗೆ ಫೋನ್ ಮಾಡಲಿ. ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಲಿ, ಕನ್ನಡದಲ್ಲಿ ತಿದ್ದಲಿ. ಸಭಾಂಗಣ ಬೇಡ, ಹಣ ಬೇಡ, ಫೋನ್ ಎಲ್ಲರ ಕೈಯಲ್ಲೂ ಇದೆ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುತ್ತಾರೆ. ಬಾಯಿ ನಮ್ಮ ಮಕ್ಕಳಿಗೆ ಇದ್ದೇ ಇದೆ, ಅಭ್ಯಾಸಕ್ಕೆ ಕಿವಿಗೊಡುವವರು ಬೇಕು. ಮೊದಲು ಬಂದು ನೆಲೆ ಕಂಡವರು ಆ ಕಿವಿಯಾದರೆ, ಮುಂದಿನ ಕರೆಯನ್ನು ಎತ್ತುವವರು ಒಬ್ಬಂಟಿಯಾಗಿ ಎತ್ತಬೇಕಾಗುವುದಿಲ್ಲ.